ಐದು ಗುಂಡಿನ ಕಾರ್ಡು

ಟೊಲೀಡೊ, ಒಹಾಯೊ
ಜನವರಿ 11, 1987

ಪ್ರೀತಿಯ ಅಪ್ಪ,

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ, ಅಮ್ಮ ಎತ್ತುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಆಯುಷ್ಯವೆಲ್ಲ ಗುಂಡು ಹಾರಿಸಿದವನಿಗೆ ಮಗಳ ದನಿ ಕೇಳದಿದ್ದರೆ ತಪ್ಪು ಫೋನಿನದಲ್ಲ. ಆದ್ದರಿಂದ ಈ ಕಾಗದ.

ಮೊದಲು ಒಳ್ಳೆಯ ಸುದ್ದಿ. ಜುಲೈ ತಿಂಗಳಲ್ಲಿ ಈರಿ ಸರೋವರದ ದಡದಲ್ಲಿ ನಡೆಯುವ ದೊಡ್ಡ ಪಿಸ್ತೂಲು ಪಂದ್ಯಕ್ಕೆ ನಮ್ಮ ರಾಜ್ಯದ ತಂಡದಲ್ಲಿ ನನ್ನ ಹೆಸರು ಬಂದಿದೆ. ತಂಡದ ನಾಯಕ ಬೆನ್ನು ತಟ್ಟಿ, "ಬಸ್ಸು ಓಡ್ಸಿ ಓಡ್ಸಿ ನಿನ್ನ ಕೈ ಕಲ್ಲಾಗಿದೆ ನೇಡೀನ್, ಇನ್ನು ಮನಸ್ಸೂ ಹಂಗೇ ಮಾಡ್ಕೊ" ಅಂದ. ಮನಸ್ಸು ಆಗಲೇ ಹಾಗಾಗಿದೆ ಎಂದು ಅವನಿಗೆ ಗೊತ್ತಿಲ್ಲ.

ಇನ್ನು ತೊಂದರೆ. ನನ್ನ ಪಾಯಿಂಟ್ ಟೂಟೂ ಪಿಸ್ತೂಲು ಸವೆದಿದೆ. ಟ್ರಿಗರ್ ಎಳೆಯುವಾಗ ನಡುವೆ ಎಲ್ಲೋ ಮರಳು ಸಿಕ್ಕಿದ ಹಾಗೆ ತಡವರಿಸುತ್ತದೆ. ಅದಕ್ಕೆ ಹೊಸ ಟ್ರಿಗರ್ ತರಿಸಿದ್ದೇನೆ, ಹೊಸ ಸುತ್ತಿಗೆಯನ್ನೂ, ಸುತ್ತಿಗೆಯನ್ನು ಹಿಡಿದು ನಿಲ್ಲಿಸುವ ಕೊಕ್ಕೆಯನ್ನೂ ತರಿಸಿದ್ದೇನೆ. ಕಾರ್ಖಾನೆಯಿಂದ ಬಂದ ಹಾಗೇ ಇವೆ, ಒರಟು. ಪಿಸ್ತೂಲು ಅಂಚೆಯಲ್ಲಿ ಹೋಗುವಂತಿಲ್ಲ. ಆದರೆ ಅದರ ಅವಳಿ ನಿನ್ನ ನೆಲಮಾಳಿಗೆಯಲ್ಲೇ ಇದೆಯಲ್ಲ. ಅದರೊಳಗೆ ಕೂರಿಸಿ, ಸಾಣೆ ಹಿಡಿದು, ಎಂದಿನಂತೆ ಐದು ಗುಂಡು ಹಾರಿಸಿ ನೋಡಿ, ತೂತು ಬಿದ್ದ ಆ ಗುರಿಯ ಕಾರ್ಡಿನ ಸಮೇತ ಕಳಿಸು. ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು, ಆದರೆ ಎರಡು ಪೌಂಡಿನ ತೂಕವನ್ನು ಬಿಡದೆ ಎತ್ತಲೇಬೇಕು. ಪಂದ್ಯದಲ್ಲಿ ತೂಕ ನೇತುಹಾಕಿ ನೋಡುತ್ತಾರೆ, ನಿನಗೆ ಗೊತ್ತು.

ಒಂದೇ ಮಾತು. ಡ್ವೇನ್ ಕೆಕ್ ಇದನ್ನು ಮುಟ್ಟಬಾರದು. ಅವನು ನಿನ್ನ ಶಿಷ್ಯ, ಈಗ ಸ್ವಂತ ಬಂದೂಕಿನ ಅಂಗಡಿ ಇಟ್ಟವನು, ನಿನಗೆ ಮಗನಿದ್ದ ಹಾಗೆ, ಎಲ್ಲ ಸರಿ. ಆದರೆ ಡೇಟನ್ ಪಂದ್ಯದ ಹೊತ್ತಿಗೆ ನೀನು ಆಸ್ಪತ್ರೆಯಲ್ಲಿದ್ದೆ, ಕೊಕ್ಕೆಯನ್ನು ಅವನು ಉಜ್ಜಿಕೊಟ್ಟ. ತೋಟಾ ತುಂಬಿ ಬೋಲ್ಟ್ ಬಿಟ್ಟದ್ದೇ ತಡ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಿ ಬೆಂಚಿನ ಹಲಗೆ ತೂರಿ ನನ್ನ ಕಾಲ ಪಕ್ಕ ನೆಲಕ್ಕೆ ಹೋಯಿತು. ನನ್ನನ್ನು ಹೊರಗೆ ಕಳಿಸಿದರು. ಆ ವರ್ಷವೆಲ್ಲ ನನ್ನ ಪಕ್ಕದ ಬೆಂಚಿಗೆ ಬರಲು ಜನ ಹಿಂದೆ ಮುಂದೆ ನೋಡಿದರು. ಜುಲೈನಲ್ಲಿ ಹಾಗಾದರೆ ನನಗೆ ಇನ್ನೊಂದು ಅವಕಾಶವಿಲ್ಲ.

ನೀನು ಪಂದ್ಯಕ್ಕೆ ಬರಬೇಕು. ಅಮ್ಮನಿಗೆ ಕ್ರಿಸ್‌ಮಸ್‌ಗೆ ಕಳಿಸಿದ ಶಾಲು ಬಂತೇ?

ನಿನ್ನ,
ನೇಡೀನ್


ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ
ಫೆಬ್ರವರಿ 25, 1987

ನೇಡೀನ್‌ಗೆ,

ಕಾಗದ ಟೈಪಾಗಿ ಬಂತೆಂದು ಗಾಬರಿಯಾಗಬೇಡ. ಅಗ್ನಿಶಾಮಕ ದಳದವರ ಹರಾಜಿನಲ್ಲಿ ಹಳೆಯ ಟೈಪ್‌ರೈಟರ್ ಸಿಕ್ಕಿತು. ಬಯಲಿನ ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತು ಹರಾಜು ಕೂಗಿದ್ದೇನೆ, ಉಪಯೋಗಿಸದೆ ಬಿಡುವುದುಂಟೇ.

ತಂಡಕ್ಕೆ ಸೇರಿದ್ದು ಸಂತೋಷ. ಬೀಗದ ಕಾರ್ಖಾನೆಯ ಹಳೆಯ ಗೆಳೆಯರಿಗೆಲ್ಲ ಹೇಳಿದೆ. "ನಿನ್ನ ಮಗಳು ನಿನ್ನಷ್ಟು ಕೆಟ್ಟದಾಗಿ ಹೊಡೆಯಲ್ಲ ಅಂತ ನಮಗೆ ಮೊದ್ಲೇ ಗೊತ್ತಿತ್ತು ಬಿಡು ಆರಿನ್" ಅಂದರು.

ಸಾಮಾನು ಡಬ್ಬಿಯಲ್ಲಿದೆ. ಕಾರ್ಡು ಅದರ ಕೆಳಗಿದೆ. ಪಂದ್ಯಕ್ಕೆ ಬರುವ ಮಾತು ಆಮೇಲೆ ನೋಡೋಣ, ದೂರದ ದಾರಿ. ಶಾಲು ಬಂದಿದೆ, ಪೆಟ್ಟಿಗೆಯಲ್ಲಿದೆ. ಅಮ್ಮ ಚೆನ್ನಾಗಿದ್ದಾಳೆ.

ಅಪ್ಪ


ಟೊಲೀಡೊ
ಮಾರ್ಚ್ 8, 1987

ಅಪ್ಪ,

ಸಾಮಾನು ಕೂರಿಸಿದೆ. ಟ್ರಿಗರ್ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗಿದೆ. ನೀನು ಇಷ್ಟು ನಯವಾಗಿ ಯಾವತ್ತೂ ಮಾಡಿಕೊಟ್ಟಿರಲಿಲ್ಲ. ತೊಂದರೆ ಇರುವುದೇ ಅಲ್ಲಿ.

ನಾನು ದಿನವಿಡೀ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವವಳು. ಯಾರು ಟಿಕೆಟ್ ಇಲ್ಲದೆ ಕೂತಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ. ನಿನ್ನ ಕಾಗದ ಹಾಗೆ ಕೂತಿದೆ.

ಮೊದಲನೆಯದು ಟೈಪ್‌ರೈಟರ್. ಟಿವಿಗೆ ರಿಮೋಟ್ ತಂದುಕೊಟ್ಟರೆ ಅದರ ಬ್ಯಾಟರಿ ತೆಗೆದು ಟಾರ್ಚಿಗೆ ಹಾಕಿಕೊಂಡವನು ನೀನು. ಎರಡನೆಯದು, ಸಾಮಾನು ಸುತ್ತಿದ ಮೇಣದ ಕಾಗದ. ನೀನು ಎಣ್ಣೆಬಟ್ಟೆಯಲ್ಲಿ ಮುದ್ದೆ ಮಾಡಿ ತುರುಕುವವನು. ಇದು ಅಂಚನ್ನು ಎರಡು ಸಲ ಒಳಗೆ ಮಡಚಿ, ಮೂಲೆಯನ್ನು ಜೇಬಿನೊಳಗೆ ಸಿಕ್ಕಿಸಿ, ಒಂದು ಚೂರು ಅಂಟುಪಟ್ಟಿ ಇಲ್ಲದೆ ನಿಂತಿದೆ. ಅಂಗಡಿ ಇಟ್ಟವನ ಕೆಲಸ. ನಮಗೆ ಗೊತ್ತಿರುವವರಲ್ಲಿ ಅಂಗಡಿ ಇಟ್ಟವನು ಯಾರು, ನೀನೇ ಹೇಳು.

ಮೂರನೆಯದು ಕಾರ್ಡು. ಯಂತ್ರಕ್ಕೆ ಸಿಕ್ಕಿ ನಿನ್ನ ಬೆರಳು ಸೊಟ್ಟಗಾದಾಗಿನಿಂದ ನಿನ್ನ ಐದೂ ಗುಂಡು ಕಪ್ಪು ವೃತ್ತದ ಕೆಳಗೆ ಎಡಕ್ಕೆ ಒಂದೇ ಗೊಂಚಲಾಗಿ ಬೀಳುತ್ತವೆ. ಅದು ನಿನ್ನ ಸಹಿ ಇದ್ದ ಹಾಗೆ. ಈ ಕಾರ್ಡಿನಲ್ಲಿ ಒಂದು ಮೇಲಿನ ಅಂಚಿನಲ್ಲಿದೆ, ಒಂದು ಬಲ ಅಂಚಿನಲ್ಲಿದೆ, ಒಂದು ಕಾರ್ಡಿನ ಮೂಲೆಯನ್ನೇ ಹರಿದಿದೆ. ಉಳಿದೆರಡು ಎಲ್ಲಿ ಹೋದವೋ ದೇವರಿಗೆ ಗೊತ್ತು. ನೆಲಮಾಳಿಗೆಯಲ್ಲಿರುವ ಅಮ್ಮನ ಉಪ್ಪಿನಕಾಯಿ ಜಾಡಿಗಳು ಕ್ಷೇಮವೇ?

ಬೇಕಂತಲೇ ಕೆಟ್ಟದಾಗಿ ಹೊಡೆದಿದ್ದಾನೆ ಅನ್ನಿಸುತ್ತದೆ, ನಾನು ಅವನ ಕೈ ಗುರುತು ಹಿಡಿಯಬಾರದೆಂದು. ಡ್ವೇನ್ ಬಂದಿದ್ದನೇ? ಹೌದು ಅಥವಾ ಇಲ್ಲ, ಒಂದೇ ಮಾತಿನಲ್ಲಿ ಬರೆ.

ನೇಡೀನ್


ಲ್ಯಾಂಕಾಸ್ಟರ್
ಮಾರ್ಚ್ 20, 1987

ನೇಡೀನ್‌ಗೆ,

ಬಂದಿದ್ದ. ಸೌದೆ ಹಾಕಿಹೋದ. ಪ್ರತಿ ಚಳಿಗಾಲವೂ ಹಾಕುತ್ತಾನೆ. ಇನ್ನು ಮುಂದೆ ನಮ್ಮ ಮನೆಗೆ ಸೌದೆ ತರುವವರೆಲ್ಲ ಟೊಲೀಡೊದಿಂದ ಚೀಟಿ ತರಬೇಕೋ?

ನೆಲಮಾಳಿಗೆಯಲ್ಲಿ ಥಂಡಿ. ಕನ್ನಡಕ ಹಳೆಯದು. ವಯಸ್ಸಾದವನ ಗುಂಡು ನೆಟ್ಟಗೆ ಹೋಗಲಿಲ್ಲ ಎಂದು ಪೊಲೀಸ್ ತನಿಖೆ ಬೇಡ. ಟ್ರಿಗರ್ ಚೆನ್ನಾಗಿದೆ ಎಂದು ನೀನೇ ಬರೆದಿದ್ದೀ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಾಗಬೇಡ. ಚೆನ್ನಾಗಿದ್ದರೆ ಹೊಡೆ, ಇಲ್ಲದಿದ್ದರೆ ವಾಪಸು ಕಳಿಸು.

ಜಾಡಿಗಳು ಕ್ಷೇಮ. ಅಮ್ಮ ಚೆನ್ನಾಗಿದ್ದಾಳೆ.

ಅಪ್ಪ


ಟೊಲೀಡೊ
ಏಪ್ರಿಲ್ 12, 1987

ಅಪ್ಪ,

ಜಗಳ ಬೇಡ. ಕೊಕ್ಕೆ ಒಂದನ್ನೇ ವಾಪಸು ಕಳಿಸಿದ್ದೇನೆ. ತೊಂದರೆ ಏನಿಲ್ಲ, ಜುಲೈಗೆ ಮುಂಚೆ ಒಮ್ಮೆ ನಿನ್ನ ಕಣ್ಣಿಗೆ ಬೀಳಲಿ ಎಂದು. ನೋಡಿ ಏನನ್ನಿಸಿತು ಬರೆ. ಕಾರ್ಡು ಮರೆಯಬೇಡ.

ನೇಡೀನ್


ಲ್ಯಾಂಕಾಸ್ಟರ್
ಮೇ 3, 1987

ನೇಡೀನ್‌ಗೆ,

ಕೊಕ್ಕೆ ನೋಡಿದೆ. ಏನೂ ಆಗಿಲ್ಲ, ಹೊಸದರ ಹಾಗೇ ಇದೆ. ಸುಮ್ಮನೆ ಅಂಚೆಯ ಕೂಲಿ ದಂಡ. ಕಾರ್ಡು ಇಟ್ಟಿದ್ದೇನೆ.

ಇಲ್ಲಿ ಪಕ್ಕದ ಹೊಲಕ್ಕೆ ಗೊಬ್ಬರ ಹಾಕಿದ್ದಾರೆ, ಇಡೀ ಬೀದಿ ಕಿಟಕಿ ಮುಚ್ಚಿಕೊಂಡಿದೆ. ಅಮ್ಮ ಚೆನ್ನಾಗಿದ್ದಾಳೆ.

ಅಪ್ಪ


ಟೊಲೀಡೊ
ಮೇ 10, 1987

ಅಪ್ಪ,

ಆ ಕೊಕ್ಕೆಯ ಅಂಚನ್ನು ನಾನೇ ನಮ್ಮ ಮನೆಯ ಮೆಟ್ಟಿಲಿನ ಇಟ್ಟಿಗೆಗೆ ಉಜ್ಜಿ ಹಾಳು ಮಾಡಿ ಕಳಿಸಿದ್ದೆ. ಕುರುಡನ ಹೆಬ್ಬೆರಳಿಗೂ ಗೊತ್ತಾಗುವಂತಿತ್ತು. ಹಿಂದೆ ಆಗಿದ್ದರೆ ನೀನು ಅದನ್ನು ನೋಡಿದ ಕೂಡಲೇ ಎರಡು ಪುಟ ಬೈದು, ಮೂರನೆಯ ಪುಟದಲ್ಲಿ ನಿನ್ನ ಮಗಳೆಂದು ಹೇಳಿಕೊಳ್ಳಬೇಡ ಎಂದು ಬರೆಯುತ್ತಿದ್ದೆ. ಈಗ "ಏನೂ ಆಗಿಲ್ಲ" ಎಂದು ಬರೆದಿದ್ದೀ. ಕೊಕ್ಕೆ ಮಾತ್ರ ಸರಿಯಾಗಿ ಬಂದಿದೆ. ಹೊಸ ಅಂಚು, ಕನ್ನಡಿಯಂಥ ಅಂಚು.

ಅಂದರೆ ನೀನು ಅದನ್ನು ಕಣ್ಣೆತ್ತಿಯೂ ನೋಡಿಲ್ಲ. ಸರಿ ಮಾಡಿದವನು ನಿನಗೆ ಹೇಳಿಯೂ ಇಲ್ಲ.

ಕಾರ್ಡನ್ನೂ ನೋಡಿದೆ. ಈ ಸಲ ನಾಲ್ಕು ಗುಂಡು ಕಾರ್ಡಿನಲ್ಲಿವೆ, ಎರಡು ಕಪ್ಪು ವೃತ್ತಕ್ಕೆ ಹತ್ತಿರ ಬಂದಿವೆ. ಯಾರೋ ನಮ್ಮ ನೆಲಮಾಳಿಗೆಯಲ್ಲಿ ನಮ್ಮ ಪಿಸ್ತೂಲಿನಲ್ಲಿ ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದಾರೆ. ಡ್ವೇನ್ ಬೇಕಂತಲೇ ಕೆಟ್ಟದಾಗಿ ಹೊಡೆಯುವ ನಾಟಕವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದಾನೆ, ಅಷ್ಟೇ ತಾನೇ?

ನನ್ನ ಕಾಲಿನ ಪಕ್ಕ ಗುಂಡು ಹೋದದ್ದು ನಿನಗೆ ಕತೆಯಾಗಿರಬಹುದು. ಬೋಲ್ಟ್ ಬಿಡುವಾಗಲೆಲ್ಲ ಈಗಲೂ ನನ್ನ ಕಾಲ್ಬೆರಳುಗಳು ಬೂಟಿನೊಳಗೆ ಮುದುರಿಕೊಳ್ಳುತ್ತವೆ. ಸುಳ್ಳು ಹೇಳುವ ಕೈಯಿಂದ ಬಂದ ಸಾಮಾನು ಇಟ್ಟುಕೊಂಡು ನಾನು ಗುಂಡು ಹಾರಿಸುವ ಗೆರೆಯ ಮೇಲೆ ನಿಲ್ಲಲಾರೆ. ಇಲ್ಲಿಯ ಬಂದೂಕಿನ ಅಂಗಡಿಯವನಿಗೆ ಹೊಸದಾಗಿ ಮಾಡಿಕೊಡಲು ಹೇಳಿದ್ದೇನೆ. ಅಮ್ಮ ಮಾತು ಬಿಟ್ಟು ಹದಿನಾಲ್ಕು ವರ್ಷವಾಯಿತು. ಆ ಮನೆಯಲ್ಲಿ ನನ್ನೊಂದಿಗೆ ನಿಜ ಮಾತಾಡುವವನು ನೀನೊಬ್ಬನಿದ್ದೆ. ಈಗ ಅದೂ ಇಲ್ಲ ಎಂದಾದರೆ ಹೇಳಿಬಿಡು, ಸ್ಟಾಂಪು ಉಳಿಯುತ್ತದೆ.

ನೇಡೀನ್


ಲ್ಯಾಂಕಾಸ್ಟರ್
ಮೇ 24, 1987

ನೇಡೀನ್,

ಈ ಕಾಗದವನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ, ನಿಧಾನವಾಗಿ ಓದಿಕೋ. ಟೈಪ್‌ರೈಟರ್ ಯಾಕೆ ಬಂತೆಂದು ಈಗ ಗೊತ್ತಾಯಿತಲ್ಲ.

ಹೋದ ಶರತ್ಕಾಲದಿಂದ ಕೈ ಹೀಗೆ ನಡುಗುತ್ತದೆ. ಮೊದಲು ಕಾಫಿ ಬಟ್ಟಲಿನಲ್ಲಿ ಶುರುವಾಯಿತು. ಡಾಕ್ಟರ್ ಅದಕ್ಕೊಂದು ಉದ್ದದ ಹೆಸರು ಹೇಳಿದ. ಕೊಕ್ಕೆಯ ಅಂಚಿಗೆ ಕಲ್ಲು ಇಟ್ಟರೆ ಕಲ್ಲು ನನ್ನ ಮಾತು ಕೇಳುವುದಿಲ್ಲ. ಪಂದ್ಯಕ್ಕೆ ಯಾಕೆ ಬರುವುದಿಲ್ಲ ಎಂದರೆ, ನನ್ನ ಕೈ ನೋಡಿದ ಮೇಲೆ ನಿನ್ನ ಕೈ ನಡುಗೀತು ಎಂಬ ಭಯ. ಇದನ್ನು ಮಗಳಿಗೆ ಬರೆಯಲು ನಾಚಿಕೆಯಾಯಿತು. ಅದಕ್ಕೇ ಸುಳ್ಳು ಹೇಳಿದೆ.

ಇಟ್ಟಿಗೆಯ ವಿಷಯ ಓದಿ ಸಿಟ್ಟು ಬಂತು. ಆಮೇಲೆ ನಗು ಬಂತು. ನನ್ನ ಮಗಳೇ ಸರಿ.

ಆದರೆ ಡ್ವೇನ್ ಅಲ್ಲ. ಅವನಿಗೆ ಕೊಡೋಣ ಎಂದು ನಾನೇ ಹೇಳಿದ್ದೆ, ನನಗೆ ಬೇರೆ ದಾರಿ ಕಾಣಲಿಲ್ಲ. ಬೇಡವೆಂದು ತಡೆದವರು ಬೇರೆಯವರು. ಯಾರೆಂದು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಉಳಿದಿರುವ ದಿನವೆಲ್ಲ ಅವರೊಂದಿಗೇ ಬಾಳಬೇಕಾದವನು, ಮಾತು ಮುರಿಯಲಾರೆ.

ನೀನು ಕಾರ್ಡು ನೋಡಿದೆ, ಕೊಕ್ಕೆ ನೋಡಿದೆ, ಟೈಪಿನ ಅಕ್ಷರ ನೋಡಿದೆ. ಮೇಣದ ಕಾಗದವನ್ನು ಮಾತ್ರ ಅಂಗಡಿಯವನದೆಂದು ಬದಿಗೆ ಎಸೆದೆ. ಸಂಶಯದವರ ಹಣೆಬರಹವೇ ಇಷ್ಟು, ಕಳ್ಳನನ್ನು ಹುಡುಕುತ್ತಾ ಮನೆಯವರನ್ನು ದಾಟಿ ಹೋಗುತ್ತಾರೆ.

ಅಪ್ಪ


ಟೊಲೀಡೊ
ಜೂನ್ 7, 1987

ಅಮ್ಮ,

ಈ ಕಾಗದವನ್ನು ನೀನು ಬಿಚ್ಚದೆ ಒಲೆಗೆ ಹಾಕಬಹುದು. ಹಾಕುವ ಮೊದಲು ಇದಿಷ್ಟು ಓದು.

ಎರಡನೆಯ ಸಲದ ಮೇಣದ ಕಾಗದ ಡಬ್ಬಿಯಲ್ಲೇ ಇತ್ತು. ಅದನ್ನು ಅಡಿಗೆಮನೆಯ ಮೇಜಿನ ಮೇಲೆ ಬಿಡಿಸಿ, ಮತ್ತೆ ಅದೇ ಗೆರೆಗಳ ಮೇಲೆ ಮಡಚಿದೆ. ಅಂಚು ಎರಡು ಸಲ ಒಳಗೆ, ಮೂಲೆ ಜೇಬಿನೊಳಗೆ. ಕೈ ತಾನಾಗಿಯೇ ಮಾಡಿತು. ನೀನು ಮದುವೆಗೆ ಮುಂಚೆ ಕೈಗಡಿಯಾರದ ಕಾರ್ಖಾನೆಯಲ್ಲಿ ಚಕ್ರಗಳನ್ನು ಹೀಗೆ ಮಡಚುತ್ತಿದ್ದೆ ಎಂದು ಅಜ್ಜಿ ಹೇಳಿದ್ದು ನೆನಪಾಯಿತು. ನನಗೆ ಗೊತ್ತಿದ್ದದ್ದು ನೀನು ಹಾಗೆ ಮಡಚಿ ಕೊಡುತ್ತಿದ್ದ ಬ್ರೆಡ್ಡು ಮತ್ತು ಸೇಬನ್ನು ಕುದಿಸಿ ಮಾಡಿದ ಸೇಬಿನ ಬೆಣ್ಣೆ ಮಾತ್ರ. ಶಾಲೆಯಲ್ಲಿ ಬೇರೆ ಹುಡುಗಿಯರ ಪೊಟ್ಟಣ ಬಿಚ್ಚಿಹೋಗುತ್ತಿತ್ತು, ನನ್ನದು ಯಾವತ್ತೂ ಬಿಚ್ಚಿಹೋಗಲಿಲ್ಲ.

ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಇದನ್ನು ಬರೆಯದೆ ಇರಲಾರೆ.

ಅತ್ತು ಮುಗಿದ ಮೇಲೆ ಹಳೆಯ ಸಿಟ್ಟು ಮತ್ತೆ ಬಂತು, ಅದನ್ನೂ ಬರೆಯುತ್ತೇನೆ. ಯಾರ ಮೇಲೂ ಕೈ ಎತ್ತದ ಚರ್ಚಿಗೆ ಸೇರಿದ ನಿನ್ನ ತವರಿನವರು ಹೊಲ ಕೆಡಿಸುವ ಪ್ರಾಣಿಗೆ ಕೋವಿ ಹಿಡಿಯುವರು, ಪಿಸ್ತೂಲನ್ನು ಮಾತ್ರ ಮನುಷ್ಯರಿಗೆಂದೇ ಮಾಡಿದ್ದು ಎಂದು ಮುಟ್ಟರು. ನೀನು ಆ ಚರ್ಚು ಬಿಟ್ಟು ಬಂದೆ, ಇದೊಂದನ್ನು ಬಿಡಲಿಲ್ಲ. ನನಗೆ ಮೊದಲ ಕಪ್ ಬಂದ ದಿನ, "ಅದನ್ನ ಹಿಡಿದ ಕೈ ನನ್ನ ಮೇಜಿನ ಮೇಲೆ ಬ್ರೆಡ್ ಮುರಿಯೋದು ಬೇಡ" ಅಂದೆ. ಅಪ್ಪನ ಕೈಗೆ ಮಾಫಿ ಇತ್ತು, ನನ್ನ ಕೈಗೆ ಇರಲಿಲ್ಲ. ನಾನು ತಟ್ಟೆ ಬಿಟ್ಟು ಎದ್ದು ಬಂದೆ.

ಈಗ ಹೇಳು. ಸಾಣೆ ಹಿಡಿದದ್ದು ನೀನೆಂದು ನಂಬುತ್ತೇನೆ. ಆದರೆ ಆ ಕಾರ್ಡುಗಳು? ಅಪ್ಪನ ಕೈಯಲ್ಲಿ ಆಗದು. ಡ್ವೇನ್ ಅಲ್ಲ ಎನ್ನುತ್ತಾನೆ. ಆ ಮನೆಯಲ್ಲಿ ಇನ್ನು ಯಾರಿದ್ದಾರೆ? ನನಗೆ ಬರುವ ಅನುಮಾನವನ್ನು ಬರೆಯಲು ನನಗೇ ಧೈರ್ಯವಾಗುತ್ತಿಲ್ಲ.

ಇಲ್ಲಿಯ ಅಂಗಡಿಯವನಿಗೆ ಹೊಸ ಸಾಮಾನು ಬೇಡವೆಂದು ಹೇಳಿಬಂದೆ.

ನೇಡೀನ್


ಲ್ಯಾಂಕಾಸ್ಟರ್
ಜೂನ್ 21, 1987

ನೇಡೀನ್,

ನಿನ್ನ ಕಾಗದ ಒಲೆಗೆ ಹಾಕಲಿಲ್ಲ. ಸ್ಟ್ರಾಬೆರಿ ಕಾಲ, ಕೈಯೆಲ್ಲ ಕೆಂಪು, ಅದಕ್ಕೇ ಉತ್ತರ ತಡವಾಯಿತು.

ನಿನ್ನ ಅಪ್ಪ ಜನವರಿಯಲ್ಲಿ ಆ ಡಬ್ಬಿ ತೆಗೆದುಕೊಂಡು ಕೆಳಗೆ ಹೋದ. ಬಹಳ ಹೊತ್ತಾದರೂ ಮೇಲೆ ಬರಲಿಲ್ಲ. ನಾನು ಹೋಗಿ ನೋಡಿದರೆ ಬೆಂಚಿನ ಮುಂದೆ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದ. "ಡ್ವೇನ್‌ಗೆ ಕೊಡ್ತೀನಿ ಲವೀನಾ, ನನ್ನ ಕೈಲಿ ಆಗಲ್ಲ" ಅಂದ. ಡೇಟನ್‌ನಲ್ಲಿ ಆದದ್ದನ್ನು ನೀನು ನನಗೆ ಹೇಳಿರಲಿಲ್ಲ, ನಾವು ಮಾತು ಬಿಟ್ಟಿದ್ದೆವು. ಡ್ವೇನ್ ಇದೇ ಅಡಿಗೆಮನೆಯಲ್ಲಿ ಕೂತು ಅತ್ತುಕೊಂಡು ಹೇಳಿದ್ದ. ಅವನು ಕೆಟ್ಟವನಲ್ಲ, ಅವಸರದವನು. ಅವಸರದವನ ಕೈಗೆ ಅದನ್ನು ಮತ್ತೆ ಕೊಡಲು ನಾನು ಬಿಡಲಿಲ್ಲ.

ಕಣ್ಣಿಗೆ ಗಡಿಯಾರದ ಕೆಲಸದ ಹಳೆಯ ಭೂತಗನ್ನಡಿ ಸಿಕ್ಕಿಸಿ ನೋಡಿದೆ. ಸುತ್ತಿಗೆ, ಕೊಕ್ಕೆ. ಒಂದನ್ನೊಂದು ಹಿಡಿದು, ಹೇಳಿದ ಹೊತ್ತಿಗೆ ಬಿಡಬೇಕು. ಗಡಿಯಾರದೊಳಗೂ ಇದೇ ಕೆಲಸ. ಇದು ಬರೀ ಉಕ್ಕು, ಪಿಸ್ತೂಲಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದ, ನಾನು ಕೈಯಲ್ಲಿ ಮಾಡಿದೆ. ಅವನ ಬಾಯಿ ಮಾತ್ರ ನಡುಗುವುದಿಲ್ಲ.

ಆಮೇಲೆ ಹಾರಿಸಿ ನೋಡಬೇಕು ಅಂದ. ಅವನಿಂದ ಆಗದು. "ಹಾಗೇ ಕಳ್ಸೋಣ ಬಿಡು, ಅವಳೇ ನೋಡ್ಕೋತಾಳೆ" ಅಂದ. ನೀನು ನೋಡಿಕೊಳ್ಳುವಾಗ ನಿನ್ನ ಕಾಲು ಅಲ್ಲೇ ಇರುತ್ತದಲ್ಲ. ನಾನು ಮಾಡಿದ ಅಂಚಿನಲ್ಲಿ ತಪ್ಪಿದ್ದರೆ ಗುಂಡು ನನ್ನ ಕಾಲ ಪಕ್ಕ ಹೋಗಲಿ ಎಂದು ಪಿಸ್ತೂಲನ್ನು ಕೈಗೆ ತೆಗೆದುಕೊಂಡೆ. ಮೊದಲ ಗುಂಡಿಗೆ ಕಣ್ಣು ಮುಚ್ಚಿದ್ದೆ. ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿ ಒಂದು ಹೋಯಿತು, ಅಪ್ಪ ನಿನಗೆ ಸುಳ್ಳು ಬರೆದಿದ್ದಾನೆ.

ಇಟ್ಟಿಗೆಯ ಪುಡಿ ಭೂತಗನ್ನಡಿಯಲ್ಲಿ ಕಂಡಿತು. ನೀನು ಪರೀಕ್ಷೆ ಮಾಡುತ್ತಿದ್ದೀ ಎಂದು ಆಗಲೇ ತಿಳಿಯಿತು. ಅಪ್ಪನಿಗೆ ಹೇಳಿದರೆ, ಮಗಳಿಗೆ ತನ್ನ ಮೇಲೆ ನಂಬಿಕೆ ಇಲ್ಲವೆಂದು ಅವನು ಊಟ ಬಿಡುತ್ತಿದ್ದ. ಸುಮ್ಮನೆ ಸರಿ ಮಾಡಿ ಮಡಚಿಟ್ಟೆ.

ಮಾಫಿ ಎಂದು ಬರೆದಿದ್ದೀ. ಅಪ್ಪ ನನ್ನ ಕೈ ಹಿಡಿಯುವಾಗಲೇ ಪಿಸ್ತೂಲು ಅವನ ಇನ್ನೊಂದು ಕೈಯಲ್ಲಿತ್ತು. ನೀನು ನನ್ನ ಹೊಟ್ಟೆಯಿಂದ ಬಂದವಳು. ಇದು ನ್ಯಾಯವಲ್ಲ, ನನಗೆ ಗೊತ್ತು. ಈಗ ಅದೇ ಮೇಜಿನ ಮೇಲೆ ನಾನೂ ಬ್ರೆಡ್ ಮುರಿಯುತ್ತಿದ್ದೇನೆ, ಅದನ್ನು ಹಿಡಿದ ಕೈಯಿಂದಲೇ. ನನ್ನ ಅಪ್ಪ, ನಿನ್ನ ಅಜ್ಜ, ಬದುಕಿದ್ದಿದ್ದರೆ ನನ್ನನ್ನೂ ಮೇಜಿನಿಂದ ಎಬ್ಬಿಸುತ್ತಿದ್ದ.

ಜುಲೈನಲ್ಲಿ ಡ್ವೇನ್ ತನ್ನ ಗಾಡಿಯಲ್ಲಿ ನಮ್ಮಿಬ್ಬರನ್ನೂ ಕರೆತರುತ್ತಾನೆ. ಅಪ್ಪನ ಕೈ ನೋಡಿ ನೀನು ಮುಖ ಸಣ್ಣ ಮಾಡಬಾರದು. ನಾನು ಬೇಲಿಯ ಆಚೆ ಶಾಲು ಹೊದ್ದು ಕೂರುತ್ತೇನೆ, ನೋಡುವುದಿಲ್ಲ. ಸೇಬಿನ ಬೆಣ್ಣೆ ಹಚ್ಚಿದ ಬ್ರೆಡ್ ತರುತ್ತೇನೆ. ಮುಗಿಸಿ ಬಾ.

ಇನ್ನೊಂದು. ನಿನ್ನ ಕಾಗದ ಬಂದ ಮೇಲೆ ಒಬ್ಬಳೇ ಕೆಳಗೆ ಹೋಗಿದ್ದೆ. ಪರೀಕ್ಷೆ ಮಾಡಲು ಏನೂ ಉಳಿದಿರಲಿಲ್ಲ. ಸುಮ್ಮನೆ ಹೋದೆ. ಐದೂ ಗುಂಡು ಕಪ್ಪು ವೃತ್ತದೊಳಗೆ ಬಿದ್ದವು. ನನಗೆ ಸಂತೋಷವಾಯಿತು, ನೇಡೀನ್. ಅಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ. ಹೆದರಿಕೆಯಾಗಿ ಆ ಕಾರ್ಡನ್ನು ಒಲೆಗೆ ಹಾಕಿದೆ.

ಅಪ್ಪನಿಗೆ ಹೇಳಬೇಡ.

ಅಮ್ಮ